ಕೋಡಿಯಿಲ್ಲದ ಕೆರೆ: ಸಾಲ್ಟನ್ ಸೀ ಪ್ರಕರಣ

ದೂರದಿಂದ ಬಿಳಿ ಮರಳಿನ ದಡ. ಬಗ್ಗಿ ಒಂದು ಹಿಡಿ ಎತ್ತಿಕೊಂಡರೆ ಅದು ಮರಳಲ್ಲ. ಪುಡಿಯಾದ ಬಾರ್ನಕಲ್ ಚಿಪ್ಪು, ಮೀನಿನ ಬೆನ್ನೆಲುಬಿನ ಮಣಿಗಳು, ಕಿವಿರಿನ ಮುಚ್ಚಳದ ತುಣುಕುಗಳು. ಕಾಲಿಟ್ಟರೆ ಹುರಿಗಡಲೆ ತುಳಿದಂತೆ ಪರಪರ ಸದ್ದು. ಸಾಕ್ಷ್ಯಚಿತ್ರ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ದೃಶ್ಯ ಸಿಗಲಾರದು. ಅಮೆರಿಕದ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ಗಡಿಗೆ ಹತ್ತಿರ, ಸಮುದ್ರಮಟ್ಟಕ್ಕಿಂತ ಸುಮಾರು 70 ಮೀಟರ್ ಕೆಳಗೆ ಬಿದ್ದುಕೊಂಡಿರುವ ಸಾಲ್ಟನ್ ಸೀ ಎಂಬ ಈ ಕೆರೆಯ ಮುಂದೆ ಕ್ಯಾಮೆರಾ ಇಟ್ಟವರಿಗೆ ಚಿತ್ರಗಳ ಕೊರತೆ ಎಂದೂ ಆಗಿಲ್ಲ: ಮುಳುಗಿದ ಮೋಟೆಲ್, ಉಪ್ಪು ಮೆತ್ತಿದ ದೂರವಾಣಿ ಕಂಬ, ಸತ್ತ ಮೀನಿನ ರಾಶಿ, ಇನ್ನೂ ಅಲ್ಲೇ ಉಳಿದಿರುವ ನಾಲ್ಕು ವಿಚಿತ್ರ ಜನ.

2004ರಲ್ಲಿ ಬಂದ, ನಿರ್ದೇಶಕ ಜಾನ್ ವಾಟರ್ಸ್ ದನಿ ಕೊಟ್ಟ ಸಾಕ್ಷ್ಯಚಿತ್ರವೊಂದು ಈ ಕೆರೆಯನ್ನು ಅನೇಕರಿಗೆ ಪರಿಚಯಿಸಿತು. ನನಗೂ ಪರಿಚಯವಾದದ್ದು ಅಲ್ಲಿಂದಲೇ. ಕೆರೆಯ ಹಣೆಬರಹ ತೀರ್ಮಾನವಾದದ್ದು ಅದರ ಹಿಂದಿನ ವರ್ಷ, ಒಂದು ಒಪ್ಪಂದದ ಕಾಗದದ ಮೇಲೆ. ಸತ್ತ ಮೀನನ್ನು ಚಿತ್ರೀಕರಿಸಬಹುದು. ಒಪ್ಪಂದದ ಷರತ್ತನ್ನು ಚಿತ್ರೀಕರಿಸುವುದು ಕಷ್ಟ. ಆದ್ದರಿಂದ ಕ್ಯಾಮೆರಾ ಸಾಮಾನ್ಯವಾಗಿ ಬಿಟ್ಟುಬಿಡುವ ತೀರ್ಮಾನಗಳನ್ನೇ ಇಲ್ಲಿ ಒಂದೊಂದಾಗಿ ಹಿಡಿದು ನೋಡುತ್ತೇನೆ. ಆ ತೀರ್ಮಾನ ತೆಗೆದುಕೊಂಡವರಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರನ್ನು ಬಿಟ್ಟು ಉಳಿದವರನ್ನು ಎಂಜಿನಿಯರ್, ರೈತ, ಮಂಡಳಿಯ ಸದಸ್ಯ ಎಂದಷ್ಟೇ ಕರೆದಿದ್ದೇನೆ. ಆ ಕುರ್ಚಿಯಲ್ಲಿ ಬೇರೆ ಯಾರು ಕೂತಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದರು.

ತೂಬಿಲ್ಲದೆ ತೋಡಿದ ಕಾಲುವೆ

ಆ ತಗ್ಗಿಗೆ ನೀರು ಹೊಸದಲ್ಲ. ಕೊಲೊರಾಡೋ ನದಿ ತಾನೇ ಹೊತ್ತು ತಂದ ಹೂಳಿನ ಮೇಲೆ ಪಾತ್ರ ಬದಲಿಸಿ ಆಗಾಗ ಇತ್ತ ಹರಿಯುತ್ತಿತ್ತು, ಮತ್ತೆ ಅತ್ತ ತಿರುಗುತ್ತಿತ್ತು. ಹಾಗೆ ತುಂಬಿ ಬತ್ತಿದ ಹಳೆಯ ಕೆರೆಯ ನೀರಿನ ಗೆರೆ ಇಂದಿಗೂ ಬಂಡೆಗಳ ಮೇಲಿದೆ. ಅಲ್ಲಿನ ಮೂಲನಿವಾಸಿಗಳಾದ ಕಹುಯಿಯಾ ಜನ ಇಳಿಯುವ ನೀರಿನ ಅಂಚಿಗೆ ಕಲ್ಲು ಜೋಡಿಸಿ ಕಟ್ಟಿದ ಮೀನುಬೋನುಗಳ ಸಾಲೂ ಇದೆ. ನೀರು ಬಂದಾಗ ಮೀನು ಹಿಡಿದರು, ಹೋದಾಗ ಬೇರೆ ಕಡೆ ನಡೆದರು. ದಡದಲ್ಲಿ ನಿವೇಶನ ಮಾರಲಿಲ್ಲ.

1901ರಲ್ಲಿ ಖಾಸಗಿ ಕಂಪನಿಯೊಂದು ಕೊಲೊರಾಡೋದ ನೀರನ್ನು ಮೆಕ್ಸಿಕೋ ನೆಲದ ಮೂಲಕ ಹಾಯಿಸಿ ಈ ಮರುಭೂಮಿಗೆ ತಂದಿತು. ಮರುಭೂಮಿ ಎಂದರೆ ಯಾರು ಬಂದು ನೆಲೆಸುತ್ತಾರೆ? ಅದಕ್ಕೇ ಇಂಪೀರಿಯಲ್ ಕಣಿವೆ ಎಂದು ಹೆಸರಿಟ್ಟರು. ಸಾವಿರಾರು ಜನ ಬಂದರು. ಮೂರು ವರ್ಷಗಳಲ್ಲಿ ಕಾಲುವೆಯ ಬಾಯಿ ಹೂಳಿನಿಂದ ಕಟ್ಟಿಕೊಂಡಿತು. ಬೆಳೆ ಒಣಗುತ್ತಿದೆ, ರೈತರು ಪರಿಹಾರ ಕೇಳುತ್ತಿದ್ದಾರೆ, ಕಂಪನಿಯ ಬಳಿ ಹಣವಿಲ್ಲ. 1904ರ ಶರತ್ಕಾಲದಲ್ಲಿ ಎಂಜಿನಿಯರ್ ಗಡಿಯ ಆಚೆ, ಮೆಕ್ಸಿಕೋದಲ್ಲಿ, ನದಿಯ ದಂಡೆಯನ್ನೇ ಕತ್ತರಿಸಿ ಹೊಸ ಬಾಯಿ ತೆಗೆಸಿದ. ಅದಕ್ಕೆ ತೂಬು ಇಡಲಿಲ್ಲ. ತೂಬಿನ ನಕ್ಷೆಗೆ ಮೆಕ್ಸಿಕೋ ಸರಕಾರದ ಒಪ್ಪಿಗೆ ಬರುವುದು ಬಾಕಿಯಿತ್ತು. ಚಳಿಗಾಲದಲ್ಲಿ ದೊಡ್ಡ ನೆರೆ ಬರುವುದು ಅಪರೂಪ ಎಂದು ಹಳೆಯ ದಾಖಲೆಗಳು ಹೇಳುತ್ತಿದ್ದವು. ಬೇಸಿಗೆಯ ನೆರೆಗೆ ಮೊದಲು ಮುಚ್ಚಿಬಿಡೋಣ ಎಂಬುದು ಲೆಕ್ಕ.

1905ರ ಆರಂಭದಲ್ಲಿ ಒಂದರ ಹಿಂದೊಂದು ನೆರೆ ಬಂದವು. ಕಾಲುವೆಯ ಬಾಯಿ ಕೊಚ್ಚಿ ಅಗಲವಾಯಿತು, ಕೊನೆಗೆ ನದಿಗೆ ನದಿಯೇ ಸಮುದ್ರವನ್ನು ಮರೆತು ತಗ್ಗಿಗೆ ಇಳಿಯಿತು. ತಳದಲ್ಲಿದ್ದ ಉಪ್ಪಿನ ಕಾರ್ಖಾನೆ ಮುಳುಗಿತು. ಟೊರೆಸ್ ಮಾರ್ಟಿನೆಜ್ ಕಹುಯಿಯಾ ಜನರ ಮೀಸಲು ಭೂಮಿಯಲ್ಲಿ ಸುಮಾರು 11,000 ಎಕರೆ ಮುಳುಗಿತು. ಅವರ ಹಕ್ಕಿನ ತಕರಾರು ಕಾನೂನಿನ ಮೂಲಕ ಇತ್ಯರ್ಥವಾದದ್ದು 2000ನೇ ಇಸವಿಯಲ್ಲಿ. ಹಳಿ ಮುಳುಗುತ್ತಾ ಹೋದ ರೈಲ್ವೆ ಕಂಪನಿ ಹಗಲೂ ರಾತ್ರಿ ರೈಲಿನಿಂದ ಬಂಡೆ ಸುರಿದು, ಒಮ್ಮೆ ಮುಚ್ಚಿದ್ದು ಮತ್ತೆ ಒಡೆದು, 1907ರ ಫೆಬ್ರವರಿಯಲ್ಲಿ ನದಿಯನ್ನು ಹಳೆಯ ಪಾತ್ರಕ್ಕೆ ತಿರುಗಿಸಿತು.

ಸಾಕ್ಷ್ಯಚಿತ್ರಗಳಲ್ಲಿ ಮನುಷ್ಯ ಮಾಡಿದ ತಪ್ಪು ಎಂದು ಬರುವುದು ಸಾಮಾನ್ಯವಾಗಿ ಇದೇ. ನಾನು ಒಪ್ಪುವುದಿಲ್ಲ. ಇದು ಅಪಘಾತ, ಅಷ್ಟೇ. ವರ್ಷಕ್ಕೆ ಸುಮಾರು 1.8 ಮೀಟರ್ ನೀರು ಆವಿಯಾಗುವ, ಮಳೆ ಹೆಸರಿಗಷ್ಟೇ ಇರುವ ಜಾಗ ಅದು. ಸುಮ್ಮನೆ ಬಿಟ್ಟಿದ್ದರೆ ಕೆಲವು ದಶಕಗಳಲ್ಲಿ ಕೆರೆ ಬತ್ತಿ ಮುಗಿಯುತ್ತಿತ್ತು. 1920ರ ದಶಕದ ನಡುವಿನ ತನಕ ಮಟ್ಟ ಇಳಿಯುತ್ತಲೂ ಇತ್ತು.

ಇಳಿಯುವುದು ನಿಂತದ್ದು ಬಸಿ ನೀರಿನಿಂದ. ಮರುಭೂಮಿಯ ನೆಲಕ್ಕೆ ನೀರು ಹಾಯಿಸಿದರೆ ಉಪ್ಪು ಮೇಲೆ ಬರುತ್ತದೆ. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ರೈತರಿಗೆ ಸವಳು-ಜವಳು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಪೀರಿಯಲ್ ಕಣಿವೆಯಲ್ಲಿ ನೆಲದಡಿ ಕೊಳವೆ ಹೂತು, ಹೆಚ್ಚು ನೀರು ಹಾಯಿಸಿ ಉಪ್ಪನ್ನು ತೊಳೆದು, ಬಸಿಗಾಲುವೆಗೆ ಬಿಟ್ಟರು. ಬಸಿಗಾಲುವೆಗಳು ಎಲ್ಲಿಗೆ ಹೋಗಬೇಕು? ಕೆಳಗೆ ತಗ್ಗಿದೆಯಲ್ಲ. ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ 1924ರಲ್ಲೂ 1928ರಲ್ಲೂ ಆದೇಶ ಹೊರಡಿಸಿ ಆ ತಳದ ಸರಕಾರಿ ಭೂಮಿಯನ್ನು ಹೊಲದ ಬಸಿ ನೀರು ಸೇರುವ ಜಾಗವೆಂದು ಕಾದಿರಿಸಿದರು. ಪ್ರಕರಣದ ಮೊದಲ ನಿಜವಾದ ತಿರುವು ಇದು. ಅಪಘಾತದಿಂದ ಹುಟ್ಟಿದ ಕೆರೆಗೆ ಅಧಿಕೃತ ಉದ್ಯೋಗ ಸಿಕ್ಕಿತು: ಚರಂಡಿಯ ಕೊನೆ.

ನಮ್ಮ ಕೆರೆಗೆ ತೂಬಿರುತ್ತದೆ, ಕೋಡಿಯಿರುತ್ತದೆ. ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ. ಸಾಲ್ಟನ್ ಸೀಗೆ ಕೋಡಿ ಇಲ್ಲ. ಬಂದ ನೀರಿಗೆ ಆವಿಯಾಗುವುದೊಂದೇ ದಾರಿ, ಉಪ್ಪಿಗೆ ಆ ದಾರಿಯೂ ಇಲ್ಲ. ವರ್ಷಕ್ಕೆ ಲಕ್ಷಾಂತರ ಟನ್ ಉಪ್ಪು ಬಂದು ಸೇರುತ್ತಲೇ ಇರುತ್ತದೆ.

ಚರಂಡಿಯ ದಡದಲ್ಲಿ ವಿಹಾರಧಾಮ

1950ರ ದಶಕದಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ಕ್ಯಾಲಿಫೋರ್ನಿಯಾ ಕೊಲ್ಲಿಯಿಂದ ಕೊರ್ವಿನಾ ಮೀನನ್ನೂ ಅದರ ಆಹಾರವಾಗುವ ಸಣ್ಣ ಮೀನುಗಳನ್ನೂ ತಂದು ಬಿಟ್ಟಿತು. ಆಗ ನೀರಿನ ಉಪ್ಪು ಸಮುದ್ರದಷ್ಟೇ ಇದ್ದುದರಿಂದ ಅವು ಚೆನ್ನಾಗಿ ಬೆಳೆದವು. ಗಾಳ ಹಾಕುವವರು ಬಂದರು. 1958ರಲ್ಲಿ ಪಶ್ಚಿಮ ದಡದ ಬಂಜರಿನಲ್ಲಿ ಭೂವ್ಯಾಪಾರಿಯೊಬ್ಬ ಸಾಲ್ಟನ್ ಸಿಟಿ ಎಂಬ ನಗರದ ನಿವೇಶನ ಮಾರತೊಡಗಿದ. ಮರುವರ್ಷ ಉತ್ತರ ದಡದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ ವಿನ್ಯಾಸ ಮಾಡಿದ, ಹಡಗಿನ ಕಿಟಕಿಯಂಥ ಗುಂಡು ಕಿಟಕಿಗಳ ವಿಹಾರನೌಕೆ ಕ್ಲಬ್ ಎದ್ದಿತು. ಸಿನಿಮಾ ನಟರು, ಗಾಯಕರು ಬಂದುಹೋದರು. ವೇಗದೋಣಿ ಪಂದ್ಯ, ನೀರಿನ ಮೇಲೆ ಜಾರಾಟ. ರಸ್ತೆ ಹಾಕಿ, ದೀಪದ ಕಂಬ ನೆಟ್ಟು, ಬೀದಿಗಳಿಗೆ ಸಮುದ್ರದ ಹೆಸರಿಟ್ಟರು. ಬಹುಪಾಲು ನಿವೇಶನಗಳಲ್ಲಿ ಇಂದಿಗೂ ಮನೆಯಿಲ್ಲ.

ಮುಂದಿನ ದಶಕದ ಕೊನೆಯಲ್ಲಿ, 1968ರಲ್ಲಿ, ಕ್ಯಾಲಿಫೋರ್ನಿಯಾ ಶಾಸನಸಭೆ ಸಾಲ್ಟನ್ ಸೀಯ ಮುಖ್ಯ ಉಪಯೋಗ ಕೃಷಿಯ ಬಸಿ ನೀರನ್ನು ಸಂಗ್ರಹಿಸುವುದು ಎಂದು ಕಾಯಿದೆಯಲ್ಲೇ ಬರೆಯಿತು. ಒಂದು ಕೈಯಲ್ಲಿ ವಿಹಾರಧಾಮದ ಕರಪತ್ರ, ಇನ್ನೊಂದು ಕೈಯಲ್ಲಿ ಚರಂಡಿ ಎಂಬ ಕಾಯಿದೆ. ನಿವೇಶನ ಕೊಂಡವರಲ್ಲಿ ಎಷ್ಟು ಜನ ಎರಡನೆಯದನ್ನು ಓದಿರಬಹುದು?

ಏರಿದ ನೀರಿನ ವಿರುದ್ಧ ಒಂದು ದೂರು

1970ರ ದಶಕದಲ್ಲಿ ಸಮಸ್ಯೆ ತಲೆಕೆಳಗಾಗಿತ್ತು. ನೀರು ಕಡಿಮೆಯಾಗುತ್ತಿರಲಿಲ್ಲ, ಏರುತ್ತಿತ್ತು. ಹೊಲಗಳಿಂದ ಬರುವ ನೀರು ಹೆಚ್ಚಿತು. ಅದರ ಮೇಲೆ 1976ರಲ್ಲಿ, ಮತ್ತೆ 1977ರಲ್ಲಿ ಉಷ್ಣವಲಯದ ಚಂಡಮಾರುತದ ಮಳೆ. ಪೂರ್ವ ದಡದ ಬಾಂಬೆ ಬೀಚ್‌ನ (ಹೆಸರು ನಮ್ಮ ಮುಂಬಯಿಯನ್ನು ನೆನಪಿಸುತ್ತದೆ, ಟ್ರೇಲರ್ ಮನೆಗಳ ಪುಟ್ಟ ಊರು ಅದು) ಕೆಳಗಿನ ಬೀದಿಗಳು ಮುಳುಗಿದವು. ಉಳಿದ ಊರಿಗೆ ಮಣ್ಣಿನ ಏರಿ ಕಟ್ಟಬೇಕಾಯಿತು. ಉತ್ತರ ದಡದ ಕ್ಲಬ್ 1980ರ ದಶಕದಲ್ಲಿ ಬಾಗಿಲು ಹಾಕಿತು.

ಇಲ್ಲಿ ಬರುತ್ತಾನೆ ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಮುಖ್ಯ ವ್ಯಕ್ತಿ: ಕೆರೆಯ ಅಂಚಿನಲ್ಲಿ ಜಮೀನಿದ್ದ ಒಬ್ಬ ರೈತ. ಸಾಕ್ಷ್ಯಚಿತ್ರಕ್ಕೆ ಬೇಕಾದ ವಿಚಿತ್ರ ವೇಷ ಅವನಿಗಿಲ್ಲ. ಹೊಲಕ್ಕೆ ನೀರು ನುಗ್ಗುತ್ತಿದೆ, ಅದಕ್ಕೆ ಕಾರಣ ಇಂಪೀರಿಯಲ್ ನೀರಾವರಿ ಮಂಡಳಿ ಕಾಲುವೆಗಳಿಂದ ಸುಮ್ಮನೆ ನೀರು ಚೆಲ್ಲುತ್ತಿರುವುದು ಎಂದು 1980ರಲ್ಲಿ ರಾಜ್ಯಕ್ಕೆ ದೂರು ಕೊಟ್ಟ. ದೂರು ನ್ಯಾಯವಾದದ್ದೇ. ಮಂಡಳಿಗೆ ಕೊಲೊರಾಡೋದ ನೀರಿನ ಮೇಲೆ ಅಗಾಧ ಹಕ್ಕಿದೆ. ಈಗಿನ ಮಿತಿಯೇ ವರ್ಷಕ್ಕೆ 31 ಲಕ್ಷ ಎಕರೆ-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 135 ಟಿಎಂಸಿ.

1984ರಲ್ಲಿ ರಾಜ್ಯದ ಜಲಸಂಪನ್ಮೂಲ ನಿಯಂತ್ರಣ ಮಂಡಳಿ 1600ನೇ ಸಂಖ್ಯೆಯ ತೀರ್ಪು ಕೊಟ್ಟಿತು. ನೀರಾವರಿ ಮಂಡಳಿಯ ಬಳಕೆಯಲ್ಲಿ ಅಸಮಂಜಸವಾದ ಪೋಲಿದೆ, ಉಳಿತಾಯದ ಯೋಜನೆ ತಯಾರಿಸಿ ಎಂದಿತು. ಹಕ್ಕಿನ ನೀರನ್ನು ಪೋಲು ಮಾಡಿದರೆ ಕ್ಯಾಲಿಫೋರ್ನಿಯಾದಲ್ಲಿ ಹಕ್ಕಿಗೇ ಕುತ್ತು. ಉಳಿತಾಯಕ್ಕೆ ದುಡ್ಡು ಬೇಕು, ದುಡ್ಡಿರುವುದು ಕರಾವಳಿಯ ನಗರಗಳಲ್ಲಿ. 1988ರ ಕೊನೆಯಲ್ಲಿ ಲಾಸ್ ಏಂಜಲೀಸ್ ಕಡೆಗೆ ನೀರು ಪೂರೈಸುವ ಮಹಾನಗರ ಜಲಮಂಡಳಿ ಕಾಲುವೆಗೆ ಗಾರೆ ಹಾಕಿಸಲು, ಸಣ್ಣ ಜಲಾಶಯ ಕಟ್ಟಿಸಲು ಹಣ ಕೊಟ್ಟು, ಉಳಿದ ನೀರನ್ನು ತಾನು ಒಯ್ಯುವ ಒಪ್ಪಂದ ಮಾಡಿಕೊಂಡಿತು.

ಕೆರೆ ಏರುತ್ತಿದೆ ಎಂಬ ದೂರು ಕೆರೆಯ ನೀರಿನ ಮೂಲಕ್ಕೇ ಕೈ ಹಾಕುವ ವ್ಯವಸ್ಥೆಯನ್ನು ಹುಟ್ಟಿಸಿತು. ಆ ಕ್ಷಣದಲ್ಲಿ ಎಲ್ಲರಿಗೂ ಲಾಭವಿತ್ತು. ರೈತನ ಹೊಲ ಉಳಿಯಿತು, ನಗರಕ್ಕೆ ನೀರು, ಮಂಡಳಿಗೆ ಹೊಸ ಕಾಲುವೆ, ದಡದ ಊರಿಗೆ ನೆರೆಯ ಭಯ ಕಡಿಮೆ. ಯಾರ ಮಾತೂ ಸುಳ್ಳಲ್ಲ. ಪೋಲು ಎಂದು ಲೆಕ್ಕದಲ್ಲಿ ಬರೆದ ನೀರೇ ಒಂದಿಡೀ ಕೆರೆಯ ಉಸಿರು ಎಂಬ ಅಂಕಣ ಮಾತ್ರ ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಸಾವುಗಳು

ಕ್ಯಾಮೆರಾ ಬಂದದ್ದು ಇದರ ನಂತರ. 1992ರಲ್ಲಿ ಸುಮಾರು 1.5 ಲಕ್ಷ ಗ್ರೀಬ್ ಹಕ್ಕಿಗಳು ಸತ್ತವು. 1996ರಲ್ಲಿ ಸಾವಿರಾರು ಹೆಜ್ಜಾರ್ಲೆಗಳು ಸತ್ತವು, ಆಗ ಅಳಿವಿನಂಚಿನಲ್ಲಿದ್ದ ಕಂದು ಹೆಜ್ಜಾರ್ಲೆಗಳೇ ಸಾವಿರಕ್ಕೂ ಹೆಚ್ಚು. ಕಾಯಿಲೆಬಿದ್ದ ತಿಲಾಪಿಯಾ ಮೀನುಗಳ ಕರುಳಿನಲ್ಲಿ ಬಾಟ್ಯುಲಿಸಂ ವಿಷ ಹುಟ್ಟುತ್ತಿತ್ತು. ತೇಲುವ ಮೀನು ಸುಲಭದ ಬೇಟೆ, ಹಕ್ಕಿಗಳು ನುಂಗಿದವು, ಕತ್ತು ಎತ್ತಲಾಗದೆ ಮುಳುಗಿದವು. 1999ರ ಆಗಸ್ಟ್‌ನಲ್ಲಿ ಒಂದೇ ದಿನ 76 ಲಕ್ಷ ತಿಲಾಪಿಯಾ ಸತ್ತವೆಂದು ದಾಖಲಾಯಿತು.

ಈ ಮೀನುಗಳನ್ನು ಕೊಂದದ್ದು ಕೀಟನಾಶಕ ಎಂದೇ ದಡದ ಮಾತು. ಮುಖ್ಯ ಕಾರಣ ಅಷ್ಟು ನಾಟಕೀಯವಲ್ಲ. ಹೊಲದ ಗೊಬ್ಬರ ಬಸಿ ನೀರಿನೊಂದಿಗೆ ಬರುತ್ತದೆ. ಪಾಚಿ ಅದನ್ನು ತಿಂದು ಬೆಳೆಯುತ್ತದೆ, ಸಾಯುತ್ತದೆ, ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ತುಂಬಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿ ನೀರು ಮೇಲೆ, ಈ ಕೊಳೆತ ನೀರು ಕೆಳಗೆ, ಎರಡು ಪದರವಾಗಿ ನಿಲ್ಲುತ್ತವೆ. ಒಂದು ದಿನ ಜೋರು ಗಾಳಿ ಬೀಸಿ ಕೆಳಗಿನದು ಮೇಲೆ ಬಂದರೆ ಮೀನಿಗೆ ಓಡಲು ಜಾಗವಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಆ ಕೊಳೆತ ಮೊಟ್ಟೆಯ ವಾಸನೆ ಇನ್ನೂರು ಕಿಲೋಮೀಟರ್‌ಗೂ ದೂರದ ಲಾಸ್ ಏಂಜಲೀಸ್ ಪ್ರದೇಶವನ್ನು ಮುಟ್ಟಿತು. ವಾಯುಗುಣಮಟ್ಟ ಇಲಾಖೆಯವರು ಮೂಲ ಹುಡುಕಿಕೊಂಡು ಹೊರಟು ಕೆರೆಗೆ ಬಂದು ಮುಟ್ಟಿದರು.

ಈ ಸಾವುಗಳು ಸುದ್ದಿಯಾದಾಗ ಕೆರೆಯಲ್ಲಿ ನೀರು ಹೆಚ್ಚುಕಡಿಮೆ ತುಂಬಿತ್ತು. ತುಂಬಿದ ಕೆರೆಯ ಕಾಯಿಲೆ ಒಂದು, ಬತ್ತುವ ಕೆರೆಯ ಕಾಯಿಲೆ ಇನ್ನೊಂದು. ಚಿತ್ರ ನೋಡಿದವರ ಮನಸ್ಸಿನಲ್ಲಿ ಇವೆರಡೂ ಸೇರಿ ಕೊಳೆತ ಕೆರೆ ಎಂಬ ಒಂದೇ ಭಾವ ಉಳಿಯಿತು. ಕೊಳೆತದ್ದನ್ನು ಬತ್ತಲು ಬಿಟ್ಟರೇನು ಎಂದು ಕೇಳುವುದು ಆಮೇಲೆ ಸುಲಭವಾಯಿತು.

ಹದಿನೈದು ವರ್ಷದ ಗಡುವು

ಕ್ಯಾಲಿಫೋರ್ನಿಯಾ ದಶಕಗಳಿಂದ ಕೊಲೊರಾಡೋದಿಂದ ತನ್ನ ಪಾಲಿಗಿಂತ ಹೆಚ್ಚು ನೀರು ಎತ್ತುತ್ತಿತ್ತು. ಬೇರೆ ರಾಜ್ಯಗಳ ಒತ್ತಡ ಬಿತ್ತು, ಪಾಲಿನೊಳಗೆ ಬರಲೇಬೇಕು. ಪರಿಹಾರವಾಗಿ ಬಂದದ್ದು ಇಂಪೀರಿಯಲ್ ಕಣಿವೆಯ ನೀರನ್ನು ನಗರಗಳಿಗೆ ವರ್ಗಾಯಿಸುವುದು. ಸ್ಯಾನ್ ಡಿಯಾಗೊ ಒಂದಕ್ಕೇ ವರ್ಷಕ್ಕೆ 2 ಲಕ್ಷ ಎಕರೆ-ಅಡಿಯ ತನಕ, ಸುಮಾರು 8.7 ಟಿಎಂಸಿ. 2002ರ ಡಿಸೆಂಬರ್‌ನಲ್ಲಿ ನೀರಾವರಿ ಮಂಡಳಿ ಬೇಡವೆಂದಿತು. ಅವರ ಆತಂಕಗಳಲ್ಲಿ ಒಂದು ಕೆರೆಯೇ: ನೀರು ಮಾರಿದ ಮೇಲೆ ಕೆರೆ ಬತ್ತಿ ಧೂಳೆದ್ದರೆ ಹೊಣೆ ಯಾರದು? ಕೇಂದ್ರದ ಆಂತರಿಕ ವ್ಯವಹಾರ ಇಲಾಖೆ 2003ರ ಪಾಲಿನಲ್ಲಿ ಕಡಿತ ಮಾಡಿತು, ಮಂಡಳಿ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2003ರ ಅಕ್ಟೋಬರ್‌ನಲ್ಲಿ ಮಂಡಳಿಯ ಐವರಲ್ಲಿ ಮೂವರು ಪರವಾಗಿ, ಇಬ್ಬರು ವಿರುದ್ಧವಾಗಿ ಮತ ಹಾಕಿದರು.

ಒಪ್ಪಿಸಲು ಬಳಸಿದ ಕೀಲಿ ಎರಡು. ಒಂದು, ಸ್ಥಳೀಯ ಸಂಸ್ಥೆಗಳ ಪರಿಸರ ಹೊಣೆಗೆ 13.3 ಕೋಟಿ ಡಾಲರಿನ ಮಿತಿ, ಅದನ್ನು ಮೀರಿದ್ದು ರಾಜ್ಯದ್ದು. ಎರಡು, ಹದಿನೈದು ವರ್ಷ, ಎಂದರೆ 2017ರ ಕೊನೆಯ ತನಕ, ಮಂಡಳಿ ಕೆರೆಗೆ ಪರಿಹಾರದ ನೀರು ಬಿಡುತ್ತದೆ, ಅಷ್ಟರಲ್ಲಿ ರಾಜ್ಯ ಕೆರೆಯನ್ನು ಸರಿಪಡಿಸುವ ದಾರಿ ಹುಡುಕುತ್ತದೆ. ಕೆರೆಗೆ ನೀರು ಬಿಡಲು ಹೊಲಗಳನ್ನು ಬೀಳು ಬಿಡಿಸಿ ರೈತರಿಗೆ ಹಣ ಕೊಟ್ಟರು.

ಗಡುವಿನ ದಿನ ಬರೆದಿತ್ತು, ಆ ದಿನಕ್ಕೆ ಮೊದಲು ಏನು ಮುಗಿದಿರಬೇಕೆಂದು ಬರೆದಿರಲಿಲ್ಲ. 2007ರಲ್ಲಿ ರಾಜ್ಯ 890 ಕೋಟಿ ಡಾಲರಿನ ಯೋಜನೆ ಮುಂದಿಟ್ಟಿತು. ಶಾಸನಸಭೆ ಹಣ ಕೊಡಲಿಲ್ಲ, ಮರುವರ್ಷ ಆರ್ಥಿಕ ಕುಸಿತ. ಅಷ್ಟು ದೊಡ್ಡ ಅಂಕಿ ಒಂದು ರೀತಿಯಲ್ಲಿ ಎಲ್ಲರಿಗೂ ಅನುಕೂಲವಾಯಿತು ಎಂಬುದು ನನ್ನ ಅನಿಸಿಕೆ. ಅದು ಅಸಾಧ್ಯ, ಆದ್ದರಿಂದ ಏನೂ ಮಾಡದಿರುವುದು ಸಹಜ. ಹತ್ತು ಕೋಟಿಯ ಸಣ್ಣ ಕೆಲಸವನ್ನು ತಿರಸ್ಕರಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾಗುತ್ತಿತ್ತು.

ದೂರದ ಉದಾಹರಣೆಯೂ ಬೇಕಿರಲಿಲ್ಲ. ಅದೇ ರಾಜ್ಯದಲ್ಲಿ ಲಾಸ್ ಏಂಜಲೀಸ್ ನಗರ ಓವೆನ್ಸ್ ನದಿಯ ನೀರನ್ನು ತಿರುಗಿಸಿ 1920ರ ದಶಕದಲ್ಲೇ ಓವೆನ್ಸ್ ಕೆರೆಯನ್ನು ಬತ್ತಿಸಿತ್ತು. ಅಲ್ಲಿ ಏಳುವ ಧೂಳನ್ನು ಅಡಗಿಸಲು ನಗರ ಇನ್ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದೆ. ಕಡತ ಮುಂದೆಯೇ ಇತ್ತು.

2017ರ ಡಿಸೆಂಬರ್ ಮುಗಿಯಿತು, ಪರಿಹಾರದ ನೀರು ನಿಂತಿತು. ಗಡುವು ಮುಗಿಯುವ ವರ್ಷವೇ ರಾಜ್ಯ ಹತ್ತು ವರ್ಷದ ಹೊಸ ಯೋಜನೆ ಮಾಡಿ, ಸುಮಾರು 30,000 ಎಕರೆಯಲ್ಲಿ ಧೂಳು ತಡೆ ಮತ್ತು ಹಕ್ಕಿಗಳ ನೆಲೆ ಎಂಬ ಗುರಿ ಹಾಕಿಕೊಂಡಿತು. 2020ರಲ್ಲಿ ಪೂರ್ಣವಾದ ಮೊದಲ ಧೂಳು ತಡೆ ಕಾಮಗಾರಿಯ ವಿಸ್ತಾರ 112 ಎಕರೆ: ಬರಿದಾದ ತಳದಲ್ಲಿ ಟ್ರ್ಯಾಕ್ಟರ್‌ನಿಂದ ಆಳವಾದ ಸಾಲು ಎಳೆದು, ಗಾಳಿಯ ವೇಗ ಮುರಿದು, ಹಾರುವ ಮಣ್ಣು ಸಾಲಿನಲ್ಲೇ ಬೀಳುವಂತೆ ಮಾಡುವುದು. ನೀರು ಬೇಡದ, ನಮ್ಮ ರೈತರೂ ನೋಡಿದ ತಕ್ಷಣ ಅರ್ಥ ಮಾಡಿಕೊಳ್ಳುವ ಕೆಲಸ. ಹದಿನೈದು ವರ್ಷದಲ್ಲಿ ಯಾವಾಗ ಬೇಕಾದರೂ ಶುರು ಮಾಡಬಹುದಿತ್ತು.

ಈಗ ನೀರಿನ ಉಪ್ಪು ಸಮುದ್ರದ ಸುಮಾರು ಎರಡು ಪಟ್ಟು. ಕೊರ್ವಿನಾ ಈ ಶತಮಾನದ ಆರಂಭದಲ್ಲೇ ಕಾಣೆಯಾಯಿತು. ತಿಲಾಪಿಯಾ ಹೋದಂತೆ ಹೆಜ್ಜಾರ್ಲೆಗಳೂ ಬೇರೆ ದಾರಿ ಹಿಡಿದವು. ನೀರುಕಾಗೆಗಳು ಗೂಡು ಕಟ್ಟುತ್ತಿದ್ದ ಮಲೆಟ್ ದ್ವೀಪ ದಡಕ್ಕೆ ಅಂಟಿಕೊಂಡು ದ್ವೀಪವಾಗಿ ಉಳಿಯಲಿಲ್ಲ. ಸುತ್ತಲಿನ ಜನರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದವರು, ಅನೇಕರು ಕೃಷಿಕಾರ್ಮಿಕ ಕುಟುಂಬದವರು. ಇಂಪೀರಿಯಲ್ ಕೌಂಟಿಯ ಮಕ್ಕಳು ಅಸ್ತಮಾದಿಂದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವ ಪ್ರಮಾಣ ರಾಜ್ಯದ ಸರಾಸರಿಯ ಸುಮಾರು ಎರಡು ಪಟ್ಟು. ಆ ಧೂಳೆಲ್ಲ ಕೆರೆಯದಲ್ಲ, ಮರುಭೂಮಿಯದೂ ಉತ್ತ ಹೊಲದ್ದೂ ಇದೆ. ಆದರೆ ಕೆರೆಯ ತಳದ್ದು ಪ್ರತಿ ವರ್ಷ ಹೆಚ್ಚುತ್ತಿರುವ ಪಾಲು.

ಈ ಕಡತದಿಂದ ಹೆಕ್ಕಿಕೊಂಡದ್ದು

ನೀರು ಹಂಚುವ ಕೆಲಸದಲ್ಲಿ ಇರುವವರಿಗೆ ನನ್ನ ಮೊದಲ ಪ್ರಶ್ನೆ, ನೀವು ಉಳಿಸುತ್ತಿರುವ ನೀರನ್ನು ಈಗ ಕುಡಿಯುತ್ತಿರುವುದು ಯಾರು? ಸೋರಿಕೆ ಎಂದರೆ ಮಾಯವಾಗುವ ನೀರಲ್ಲ, ಬೇರೆ ಕಡೆ ಹೋಗುವ ನೀರು. ಬಾವಿಗೋ, ಹಳ್ಳಕ್ಕೋ, ಜೌಗಿಗೋ, ಕೊನೆಯ ಕೆರೆಗೋ. ಗಾರೆ ಹಾಕುವುದು ತಪ್ಪೆಂದು ಹೇಳುತ್ತಿಲ್ಲ. ಸಾಲ್ಟನ್ ಸೀಯನ್ನು 1960ರ ಮಟ್ಟದಲ್ಲಿ ಎಂದೆಂದಿಗೂ ಇಡುವುದು ಸಾಧ್ಯವೂ ಇರಲಿಲ್ಲ, ಕೋಡಿಯಿಲ್ಲದ ಕೆರೆ ಉಪ್ಪಾಗದೆ ಉಳಿಯದು. ಆದರೆ ಬತ್ತಿಸುವುದೂ ಒಂದು ಕಾಮಗಾರಿ. ಅದಕ್ಕೂ ನಕ್ಷೆ, ಹಣ, ಹೊಣೆಗಾರ ಬೇಕು.

ಎರಡನೆಯದು ಹೊಣೆಯ ಜಾಗದ ಬಗ್ಗೆ. ನೀರಿನ ಲಾಭ ಮಂಡಳಿ ಮತ್ತು ನಗರಗಳಿಗೆ ಒಪ್ಪಂದದ ಮರುದಿನದಿಂದಲೇ ಸಿಗತೊಡಗಿತು. ಕೆರೆಯ ಹೊಣೆ ಯಾವ ಲಾಭವೂ ಇಲ್ಲದ ರಾಜ್ಯದ ಖಜಾನೆಗೆ, ಹದಿನೈದು ವರ್ಷದಾಚೆಗೆ ಹೋಯಿತು. ಸಹಿ ಹಾಕಿದವರಲ್ಲಿ ಎಷ್ಟು ಜನ 2018ರಲ್ಲಿ ಅದೇ ಕುರ್ಚಿಯಲ್ಲಿರುತ್ತಿದ್ದರು? ಪ್ರತಿ ಎರಡು ವರ್ಷಕ್ಕೆ ಇಷ್ಟು ಎಕರೆ ಕೆಲಸ ಆಗದಿದ್ದರೆ ಆ ವರ್ಷದ ವರ್ಗಾವಣೆ ನಿಲ್ಲುತ್ತದೆ ಎಂಬ ಒಂದು ಸಾಲು ಒಪ್ಪಂದದಲ್ಲಿ ಇದ್ದಿದ್ದರೆ ನಗರಗಳೇ ರಾಜ್ಯದ ಬೆನ್ನು ಹತ್ತುತ್ತಿದ್ದವು.

ಸಾಕ್ಷ್ಯಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಅವಿಲ್ಲದಿದ್ದರೆ ಈ ಊರುಗಳ ಜನರ ಮುಖ ನಾವು ನೋಡುತ್ತಿರಲಿಲ್ಲ. ಆದರೆ ಅವಶೇಷ ಕ್ಯಾಮೆರಾಗೆ ಚೆಂದ ಕಾಣುತ್ತದೆ, ಅವಶೇಷವಾದ ಮೇಲೆ ಯಾರನ್ನೂ ಪ್ರಶ್ನಿಸಬೇಕಾಗಿಲ್ಲ ಎಂಬಂತಾಗುತ್ತದೆ. ಬಾಂಬೆ ಬೀಚ್‌ನಲ್ಲಿ ಊರನ್ನು ಕಾಯಲು ಕಟ್ಟಿದ ಏರಿಯ ಮೇಲೆ ಹತ್ತಿ ನಿಂತರೆ ಈಗ ನೀರು ದೂರದಲ್ಲಿ ಒಂದು ಗೆರೆ. ಸಾಕ್ಷ್ಯಚಿತ್ರಕ್ಕೆ ಸಿಗುವುದು ಆ ಗೆರೆ. ಅದು ಅಷ್ಟು ದೂರ ಹೋಗಲು ಕಾರಣವಾದ ಮೂರು-ಎರಡರ ಮತ ಸಭೆಯ ನಡಾವಳಿ ಪುಸ್ತಕದಲ್ಲಿದೆ.

ದಕ್ಷಿಣ ದಡದಲ್ಲಿ, ನ್ಯೂ ರಿವರ್ ಕೆರೆಗೆ ಸೇರುವಲ್ಲಿ, 2021ರಿಂದ ರಾಜ್ಯ ಹಕ್ಕಿಗಳಿಗಾಗಿ ಸಾವಿರಾರು ಎಕರೆಯ ಕೊಳಗಳನ್ನು ಕಟ್ಟಿಸುತ್ತಿದೆ. ಕೆರೆಯ ಉಪ್ಪು ನೀರನ್ನು ಪಂಪಿನಿಂದ ಎತ್ತಿ, ನದಿಯ ನೀರಿನೊಂದಿಗೆ ಬೆರೆಸಿ, ಮೀನು ಬದುಕುವ ಹದಕ್ಕೆ ತರುವುದು ಉಪಾಯ. ಆ ನದಿಯ ನೀರಿನ ದೊಡ್ಡ ಪಾಲು ಹೊಲಗಳ ಬಸಿ ನೀರೇ. 2022ರಲ್ಲಿ ಕೇಂದ್ರ ಸರಕಾರ ಕೆರೆಯ ಕೆಲಸಕ್ಕೆ 25 ಕೋಟಿ ಡಾಲರ್ ಘೋಷಿಸಿತು, ಕೊಲೊರಾಡೋದ ಜಲಾಶಯಗಳನ್ನು ಉಳಿಸಲು ಕಣಿವೆಯ ರೈತರು ಇನ್ನಷ್ಟು ನೀರು ಉಳಿಸಬೇಕು ಎಂಬ ಮಾತಿನೊಂದಿಗೆ. 2024ರ ಆಗಸ್ಟ್‌ನಲ್ಲಿ ನೀರಾವರಿ ಮಂಡಳಿ 2026ರೊಳಗೆ 7 ಲಕ್ಷ ಎಕರೆ-ಅಡಿಯ ತನಕ ಉಳಿಸುವ ಒಪ್ಪಂದಕ್ಕೆ ಒಪ್ಪಿತು. ನಮ್ಮ ಲೆಕ್ಕದಲ್ಲಿ ಸುಮಾರು 30 ಟಿಎಂಸಿ.